ಗದ್ಯದ ಗಡಿಕಲ್ಲು

ಕ್ರಿ. ಶ. 1057ನೆಯ ಇಸವಿಯಲ್ಲಿ ಚೀನ ದೇಶದ ರಾಜಧಾನಿಯಾಗಿದ್ದ ಕೈಫೆಂಗ್ ನಗರದ ಬೀದಿಯಲ್ಲಿ ಒಬ್ಬ ಪರೀಕ್ಷಕನನ್ನು ವಿದ್ಯಾರ್ಥಿಗಳು ಅಡ್ಡಗಟ್ಟಿದರು. ಪರೀಕ್ಷೆಯ ಫಲ ಆಗತಾನೆ ಪ್ರಕಟವಾಗಿತ್ತು. ಅನುತ್ತೀರ್ಣರಾದವರು ಆತನ ಕುದುರೆಯ ಮುಂದೆ ನೆರೆದು ಕೂಗಾಡಿದರು. ಬೀದಿಯ ಕಾವಲಿನವರಿಗೂ ಅವರನ್ನು ತಡೆಯುವುದು ಅಸಾಧ್ಯವಾಯಿತು. ಆ ಪರೀಕ್ಷಕನ ಹೆಸರು ಓಯಾಂಗ್ ಷಿಯು. ಲಂಚ ತೆಗೆದುಕೊಂಡನೆಂದಾಗಲಿ, ತನ್ನ ಕಡೆಯವರಿಗೆ ಅಂಕ ಹಂಚಿದನೆಂದಾಗಲಿ ಯಾರೂ ದೂರಲಿಲ್ಲ. ಅವನು ಮಾಡಿದ್ದು ಇಷ್ಟೆ: ಅರ್ಥವಾಗದಂತೆ ಬರೆಯುವುದೇ ಪಾಂಡಿತ್ಯವೆಂದು ನಂಬಿ, ವಿಚಿತ್ರ ಶಬ್ದಗಳನ್ನು ಹುಡುಕಿ ಹುಡುಕಿ ಪೋಣಿಸಿದ ಅಭ್ಯರ್ಥಿಗಳನ್ನೆಲ್ಲ ಒಂದೇ ಏಟಿಗೆ ಹೊರಗಿಟ್ಟುಬಿಟ್ಟಿದ್ದನು. ಸರಳವಾಗಿ, ಸ್ಪಷ್ಟವಾಗಿ ಬರೆದವರಿಗೆ ಸ್ಥಾನ ದೊರಕಿತು.

ಉತ್ತರಪತ್ರಿಕೆಗಳ ಕಟ್ಟುಗಳ ನಡುವೆ ಬೇಸಗೆಯನ್ನು ಕಳೆಯುವ ನನ್ನಂಥ ಅಧ್ಯಾಪಕರಿಗೆ ಈ ಕಥೆಯನ್ನು ಓದಿದಾಗ ಆಗುವ ಆನಂದವನ್ನು ವಾಚಕರು ಊಹಿಸಬಹುದು. ಆ ಕಾಲದ ಚೀನದ ಪರೀಕ್ಷೆಯ ಕ್ರಮವೂ ಕುತೂಹಲಕರವಾದುದು. ಬರೆದವನ ಹೆಸರನ್ನು ಕಾಗದ ಅಂಟಿಸಿ ಮುಚ್ಚುತ್ತಿದ್ದರು. ಕೈಬರಹದಿಂದ ಗುರುತು ಹತ್ತಬಾರದೆಂದು ಗುಮಾಸ್ತರು ಪ್ರತಿಯೊಂದು ಉತ್ತರವನ್ನೂ ಬೇರೆಯಾಗಿ ನಕಲು ಮಾಡಿ ಪರೀಕ್ಷಕರಿಗೆ ಕೊಡುತ್ತಿದ್ದರು. ಆ ವರ್ಷ ಒಂದು ಪ್ರಬಂಧವನ್ನು ಓದಿ ಮೆಚ್ಚಿದ ಓಯಾಂಗ್ ಷಿಯು, ಇದು ತನ್ನ ಶಿಷ್ಯನಾದ ಜೆಂಗ್ ಗೊಂಗ್ ಎಂಬವನದೇ ಇರಬೇಕು, ಮೊದಲ ಸ್ಥಾನ ಕೊಟ್ಟರೆ ಪಕ್ಷಪಾತವೆಂಬ ಅಪವಾದ ಬಂದೀತು ಎಂದು ಹೆದರಿ, ಎರಡನೆಯ ಸ್ಥಾನಕ್ಕೆ ಇಳಿಸಿದನಂತೆ. ಹೆಸರಿನ ಕಾಗದವನ್ನು ಕಿತ್ತು ನೋಡಿದರೆ ಬರೆದವನು ಬೇರೆ. ಸು ಷಿ ಎಂಬ ಇಪ್ಪತ್ತರ ಆಸುಪಾಸಿನ ತರುಣ. ಮುಂದೆ ಚೀನದ ಸಾಹಿತ್ಯದಲ್ಲಿ ಅವನಿಗೆ ಸಮಾನರಾದವರನ್ನು ಬೆರಳೆಣಿಕೆಯಲ್ಲಿ ಹೇಳಬೇಕಾಯಿತು.

ಗದ್ಯದ ಶೈಲಿಯೆಂಬುದು ಇಷ್ಟು ಗದ್ದಲಕ್ಕೆ ಕಾರಣವಾಗುವ ವಸ್ತುವೆ? ಆ ದೇಶದಲ್ಲಿ ಹೌದು. ಅಲ್ಲಿ ಅಧಿಕಾರಕ್ಕೆ ಏರುವ ಏಣಿಯೇ ಬರವಣಿಗೆ. ಯಾವ ಬಗೆಯ ಗದ್ಯಕ್ಕೆ ಅಂಕ ದೊರೆಯುವುದೋ ಆ ಬಗೆಯ ಗದ್ಯವನ್ನು ದೇಶದ ತರುಣರೆಲ್ಲ ಕಲಿಯುವರು. ಆ ತರುಣರೇ ನಾಳಿನ ಅಮಲ್ದಾರರು, ನ್ಯಾಯಾಧಿಪತಿಗಳು, ಮಂತ್ರಿಗಳು.

ಈ ಜಗಳದ ಬೇರು ಇನ್ನೂ ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಟಾಂಗ್ ವಂಶದ ಅರಸರ ಕಾಲದಲ್ಲಿ ಮಾನ್ಯವಾಗಿದ್ದ ಗದ್ಯಕ್ಕೆ ಜೋಡಿಗದ್ಯವೆಂದು ಹೆಸರಿಡಬಹುದು. ಜೋಡೆತ್ತುಗಳಂತೆ ವಾಕ್ಯಗಳು ಎರಡೆರಡಾಗಿ ನಡೆಯಬೇಕು. ನಾಲ್ಕು ಅಕ್ಷರದ ತುಂಡಿಗೆ ನಾಲ್ಕು ಅಕ್ಷರದ ತುಂಡು, ಆರಕ್ಕೆ ಆರು. ಮೊದಲಿನದರಲ್ಲಿ ಪರ್ವತ ಬಂದರೆ ಎರಡನೆಯದರಲ್ಲಿ ನದಿ ಬರಲೇಬೇಕು. ಚೀನದ ಭಾಷೆಯಲ್ಲಿ ಒಂದು ಅಕ್ಷರಕ್ಕೆ ಒಂದೇ ಉಚ್ಚಾರಣೆಯಾದುದರಿಂದ ಇಂಥ ಗದ್ಯ ದೇವಸ್ಥಾನದ ಕಂಬಸಾಲಿನಂತೆ ಕಣ್ಣಿಗೆ ಬಹಳ ಸೊಗಸು. ಆದರೆ ಕಂಬಗಳ ನಡುವೆ ದೇವರಿರುವನೋ ಇಲ್ಲವೋ ಎಂದು ನೋಡುವವರು ಕಡಮೆಯಾದರು. ಆಗ ಬಂದವನು ಹಾನ್ ಯೂ (768–824). ಜೋಡಿಗದ್ಯ ಹುಟ್ಟುವುದಕ್ಕಿಂತ ಮೊದಲಿನ ಪ್ರಾಚೀನರು ಬರೆದಂತೆ ಬರೆಯೋಣ, ಹೇಳಬೇಕಾದುದು ವಾಕ್ಯದ ಉದ್ದಗಿಡ್ಡವನ್ನು ನಿರ್ಣಯಿಸಲಿ ಎಂದು ಅವನು ಹೊರಟನು. ಇದಕ್ಕೆ ‘ಗು-ವೆನ್’, ಎಂದರೆ ಹಳೆಯ ಗದ್ಯ, ಎಂಬ ಹೆಸರು ಬಂದಿತು. ಹೆಸರು ಹಳೆಯದು, ಕೆಲಸ ಹೊಸದು. ಹಳಸಲು ಮಾತುಗಳನ್ನು ತೊಡೆದುಹಾಕುವುದೇ ಬರಹಗಾರನ ಅತಿ ಕಷ್ಟದ ಕೆಲಸವೆಂದು ಅವನು ಒಬ್ಬ ತರುಣನಿಗೆ ಕಾಗದ ಬರೆದನು.

ಆದರೆ ಹಾನ್ ಯೂ ಗೆದ್ದದ್ದು ಸಿದ್ಧಾಂತದಿಂದಲ್ಲ ಎಂದು ನನ್ನ ಎಣಿಕೆ. 803ರಲ್ಲಿ ಅವನ ಅಣ್ಣನ ಮಗನು ತೀರಿಕೊಂಡನು. ಹಾನ್ ಯೂ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಅಣ್ಣ ಅತ್ತಿಗೆಯರ ಆಶ್ರಯದಲ್ಲಿ ಬೆಳೆದವನು. ಚಿಕ್ಕಪ್ಪನೂ ಈ ಹುಡುಗನೂ ಒಂದೇ ಮನೆಯಲ್ಲಿ ಜೊತೆಯಾಗಿ ಆಡಿದವರು. ಸತ್ತವರಿಗಾಗಿ ಬರೆಯುವ ಶೋಕಲೇಖನವೆಂದರೆ ಪ್ರಾಸಬದ್ಧವಾಗಿ, ಅಳೆದು ತೂಗಿ ಬರೆಯಬೇಕೆಂಬುದು ಅಲ್ಲಿಯ ರೂಢಿ. ಹಾನ್ ಯೂ ಪ್ರಾಸವನ್ನು ಬಿಟ್ಟನು, ಜೋಡಿಯನ್ನೂ ಬಿಟ್ಟನು. ಎದುರಿಗೆ ಕುಳಿತವನೊಡನೆ ಮಾತನಾಡುವಂತೆ ಬರೆದನು. ಸುದ್ದಿ ನಿಜವೋ ಸುಳ್ಳೋ ಎಂದು ಅವನಿಗೆ ಸಂಶಯ. ಮಿತ್ರನೊಬ್ಬನ ಕಾಗದದಲ್ಲಿ ಆರನೆಯ ತಿಂಗಳ 2ನೆಯ ದಿನ ತೀರಿಕೊಂಡನೆಂದಿದೆ. ಸತ್ತವನೇ ಬರೆದ ಕೊನೆಯ ಕಾಗದದ ಮೇಲೆ ಅದೇ ತಿಂಗಳ 17ನೆಯ ದಿನದ ಗುರುತಿದೆ. ಮನೆಯ ಆಳು ಕಳುಹಿಸಿದ ವರ್ತಮಾನದಲ್ಲಿ ತಾರೀಖೇ ಇಲ್ಲ. ದೂರದೂರಿನಲ್ಲಿ ಕುಳಿತು ಈ ಮೂರು ತುಣುಕುಗಳನ್ನು ಹೊಂದಿಸಲು ತವಕಿಸುವ ಚಿಕ್ಕಪ್ಪನ ಸಂಕಟವನ್ನು ಯಾವ ಪ್ರಾಸ ತಾನೆ ಹೊತ್ತೀತು? ತನಗೆ ಇನ್ನೂ ನಲವತ್ತು ತುಂಬಿಲ್ಲ, ಆಗಲೇ ಕಣ್ಣು ಮಂಜಾಗಿದೆ, ಹಲ್ಲು ಅಲುಗುತ್ತಿದೆ, ದುರ್ಬಲನಾದ ತಾನು ಉಳಿದು ಗಟ್ಟಿಮುಟ್ಟಾದ ನೀನು ಹೋದೆಯಲ್ಲ ಎಂದು ಅವನು ಹಲುಬುವ ಭಾಗವನ್ನು ಚೀನದ ಶಾಲೆಗಳ ಮಕ್ಕಳು ಇಂದಿಗೂ ಓದುತ್ತಾರೆ.

ಅವನ ಸ್ನೇಹಿತನಾದ ಲಿಯು ಜೊಂಗ್‌ಯುವಾನ್ (773–819) ರಾಜಕೀಯದಲ್ಲಿ ಸೋತು ದಕ್ಷಿಣದ ಯೊಂಗ್‌ಜೋ ಎಂಬ ಕಾಡು ಸೀಮೆಗೆ ಗಡೀಪಾರಾದನು. ಅಲ್ಲಿ ಅವನು ಬರೆದ ಒಂದು ಪುಟ್ಟ ಗದ್ಯದಲ್ಲಿ ಹಾವು ಹಿಡಿಯುವವನೊಬ್ಬನು ಬರುತ್ತಾನೆ. ಕಂದಾಯಕ್ಕೆ ಬದಲಾಗಿ ವಿಷದ ಹಾವುಗಳನ್ನು ಹಿಡಿದು ಸರ್ಕಾರಕ್ಕೆ ಒಪ್ಪಿಸುವುದು ಅವನ ಕುಲದ ಪಾಲಿಗೆ ಬಂದ ಕೆಲಸ. ಅವನ ಅಜ್ಜನೂ ತಂದೆಯೂ ಹಾವು ಕಚ್ಚಿಯೇ ಸತ್ತರು. ‘ಈ ಕೆಲಸ ಬಿಡಿಸಿ ನಿನಗೆ ಮೊದಲಿನಂತೆ ಕಂದಾಯವನ್ನೇ ಹಾಕಿಸಲೆ?’ ಎಂದು ಕೇಳಿದರೆ ಅವನು ಕಣ್ಣೀರಿಟ್ಟು ಬೇಡವೆನ್ನುತ್ತಾನೆ. ಕಂದಾಯದ ಆಳುಗಳಿಗಿಂತ ಹಾವೇ ಮೇಲು! ಆ ಬಡವನ ಬಾಯಿಯ ಮಾತನ್ನು ಜೋಡಿಗದ್ಯದಲ್ಲಿ ಬರೆಯಹೋಗಿದ್ದರೆ ಅವನು ಹಾವು ಹಿಡಿಯುವವನಾಗಿ ಉಳಿಯುತ್ತಿರಲಿಲ್ಲ, ಆಸ್ಥಾನ ಪಂಡಿತನಾಗಿಬಿಡುತ್ತಿದ್ದನು.

ಇನ್ನೊಂದು ಸ್ವಾರಸ್ಯವನ್ನು ಹೇಳದೆ ಮುಂದುವರಿಯಲಾರೆ. 1057ರಲ್ಲಿ ಓಯಾಂಗ್ ಷಿಯು ಹೊರಗಿಟ್ಟ ತರುಣರು ಜೋಡಿಗದ್ಯದವರಲ್ಲ. ಹಾನ್ ಯೂವಿನ ಹೆಸರು ಹೇಳಿಕೊಂಡೇ ಬೆಳೆದವರು! ಜೋಡಿಗದ್ಯ ಬೇಡವೆಂದ ಸುಧಾರಣೆಯೇ ಕೆಲವು ತಲೆಮಾರುಗಳಲ್ಲಿ ತನ್ನದೇ ಆದ ಆಡಂಬರವನ್ನು ಬೆಳೆಸಿಕೊಂಡಿತ್ತು. ಸುಧಾರಕರ ಮನೆಯಲ್ಲೂ ಧೂಳು ಕೂರುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಕನ್ನಡ ಗದ್ಯಕ್ಕೆ ಹಾನ್ ಯೂ ಯಾರು?

ಸಾಹಿತ್ಯವೆಂದರೆ ಪದ್ಯವೆಂದೇ ಭಾವಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಪಂಪ, ರನ್ನ, ಕುಮಾರವ್ಯಾಸರ ಹೆಸರು ಗೊತ್ತಿಲ್ಲದ ಮನೆಯಿಲ್ಲ. ಹಳೆಯ ಗದ್ಯಕಾರರಲ್ಲಿ ಇಬ್ಬರನ್ನು ಹೆಸರಿಸಿರೆಂದರೆ ಪದವೀಧರರೂ ಛಾವಣಿಯ ಕಡೆಗೆ ನೋಡುತ್ತಾರೆ. ಇದರಲ್ಲಿ ನಮ್ಮ ತಪ್ಪು ಪೂರ್ತಿಯಾಗಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರನ್ನು ಸ್ಮರಿಸುತ್ತದೆ, ಅವರ ಗದ್ಯದ ಒಂದು ಓಲೆಯೂ ನಮಗೆ ದಕ್ಕಿಲ್ಲ. ದಕ್ಕಿದ ‘ವಡ್ಡಾರಾಧನೆ’ಯಾದರೂ ಹತ್ತೊಂಬತ್ತು ಕಥೆಗಳ ಆ ಅಪೂರ್ವ ಗ್ರಂಥ, ಡಿ. ಎಲ್. ನರಸಿಂಹಾಚಾರ್ಯರ ಪರಿಷ್ಕರಣದಿಂದ ಪುಸ್ತಕರೂಪದಲ್ಲಿ ಹೊರಬಂದದ್ದು 1949ರಲ್ಲಿ. ಸಾವಿರ ವರ್ಷದ ಹಿಂದಿನ ಗದ್ಯ ನಮ್ಮ ಅಜ್ಜಂದಿರಿಗೆ ಕಾಣದಿದ್ದು ಮೊನ್ನೆ ಮೊನ್ನೆ ಕಂಡಿತೆಂದರೆ, ಅದರಿಂದ ಪಾಠ ಕಲಿಯಲು ಹೊತ್ತಾದುದು ಸಹಜವೆ. 978ರ ‘ಚಾವುಂಡರಾಯ ಪುರಾಣ’ ಇನ್ನೊಂದು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಆ ದಂಡನಾಯಕನು ಅರುವತ್ತಮೂರು ಮಹಾಪುರುಷರ ಕಥೆಯನ್ನು ಹೇಳಲು, ಚಂಪುವಿನ ವೈಭವ ಮೆರೆಯುತ್ತಿದ್ದ ಕಾಲದಲ್ಲಿ, ಗದ್ಯವನ್ನು ಆರಿಸಿಕೊಂಡನು. ಮೂರ್ತಿಯ ಮುಂದೆ ಕೈಮುಗಿಯುವವರು ಲಕ್ಷಾಂತರ. ಪುರಾಣವನ್ನು ತೆರೆದು ನೋಡುವವರು ಎಷ್ಟು ಮಂದಿ?

ಚಂಪೂಕವಿಗಳೂ ಗದ್ಯ ಬರೆದರು, ನಿಜ. ಆದರೆ ಪದ್ಯಗಳ ನಡುವೆ ಬರುವ ಅವರ ಗದ್ಯ ಎಷ್ಟೋ ಸಲ ಸಮಾಸಗಳ ತೇರಾಗುತ್ತದೆ. ಮಿಣಿ ಹಿಡಿದು ಎಳೆದರೂ ಮುಂದಕ್ಕೆ ಹೋಗದು. ಜೋಡಿಗದ್ಯದ ನೆಂಟಸ್ತಿಕೆಯನ್ನು ಇಲ್ಲಿ ಗುರುತಿಸಬಹುದು. ಇದನ್ನು ಕಂಡು ಬೇಸತ್ತವರು ಹಳೆಯ ಕಾಲದಲ್ಲೇ ಇದ್ದರು. ಸಂಸ್ಕೃತ ಕನ್ನಡಗಳನ್ನು ಹೊಂದಿಕೆಯಿಲ್ಲದೆ ಬೆಸೆಯಬಾರದೆಂದು ‘ಕವಿರಾಜಮಾರ್ಗ’ ಎಚ್ಚರಿಸಿತ್ತು. ಮುಳುಗುಂದದ ನಯಸೇನನು 1112ರ ‘ಧರ್ಮಾಮೃತ’ದಲ್ಲಿ ಇಂಥ ಬೆರಕೆಯನ್ನು ತುಪ್ಪಕ್ಕೆ ಎಣ್ಣೆ ಸುರಿಯುವುದಕ್ಕೆ ಹೋಲಿಸಿ ನಕ್ಕನು. ಮುಂದಿನ ಶತಮಾನದಲ್ಲಿ ಆಂಡಯ್ಯನು ಸಂಸ್ಕೃತದ ತತ್ಸಮ ಶಬ್ದಗಳನ್ನೇ ಬಳಸದೆ ಒಂದು ಕಾವ್ಯವನ್ನು ಬರೆದು ತೋರಿಸಿದನು. ಅವನ ಸಾಹಸಕ್ಕೆ ತಲೆದೂಗಬೇಕು. ಆದರೆ ಅವನ ಹಿಂದೆ ಯಾರೂ ಹೋಗಲಿಲ್ಲ. ಪಥ್ಯದ ಅಡಿಗೆಯನ್ನು ಮೆಚ್ಚಿ ಮಾತನಾಡುವವರು ಬಹಳ, ದಿನವೂ ಉಣ್ಣುವವರು ವಿರಳ.

ಹಾಗಾದರೆ ಸರಳವಾದ ಕನ್ನಡ ಗದ್ಯ ಎಲ್ಲಿ ಬದುಕಿತ್ತು? ನನ್ನ ಉತ್ತರ ವಾಚಕರಿಗೆ ತಮಾಷೆಯಾಗಿ ತೋರಬಹುದು: ಹೊಲದ ಬದುವಿನ ಮೇಲೆ.

ತುಂಗಭದ್ರೆಯ ಸೀಮೆಯಲ್ಲಿ, ಹೊನ್ನಾಳಿ ತಾಲ್ಲೂಕಿನಲ್ಲಿ, ಸಾಸ್ವೆಹಳ್ಳಿ ಎಂಬ ಹೋಬಳಿಯ ಊರಿದೆ. ಈ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಚನ್ನಗಿರಿ ತಾಲ್ಲೂಕುಗಳ ಶಾಸನಗಳೊಡನೆ ಕಾಣಬಹುದು. (ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಆ ಕಡೆಗೆ ಹೋಯಿತು.) ಈ ಸೀಮೆಯ ಒಂದು ದೊಡ್ಡ ದಾನಶಾಸನದ ನಡಿಗೆಯನ್ನು ಗಮನಿಸಿರಿ. ಮೊದಲು ‘ಸ್ವಸ್ತಿ’. ಅನಂತರ ಅರಸನ ಬಿರುದಾವಳಿ. ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದ ಸಂಸ್ಕೃತ ಸಮಾಸಗಳು. ಅವನ ಕೆಳಗಿನ ಸಾಮಂತನಿಗೆ ಇನ್ನೊಂದು ಸುತ್ತು ಹೊಗಳಿಕೆ, ನಡುವೆ ಕಂದವೃತ್ತಗಳು. ಹೀಗೆ ಅರ್ಧ ಕಲ್ಲು ತುಂಬಿದ ಮೇಲೆ ದಾನದ ಮಾತು ಬರುತ್ತದೆ. ಅಲ್ಲಿಗೆ ಬಂದೊಡನೆ ಭಾಷೆ ಥಟ್ಟನೆ ಪೇಟವನ್ನು ತೆಗೆದಿಟ್ಟು ಹೆಗಲಿಗೆ ಟವಲು ಹಾಕಿಕೊಳ್ಳುತ್ತದೆ. ಕೆರೆಯ ಕೆಳಗೆ ಇಷ್ಟು ಮತ್ತರು ಗದ್ದೆ, ಊರ ಮುಂದೆ ಇಷ್ಟು ಬೆದ್ದಲೆ, ಮೂಡಲು ಹಳ್ಳ, ತೆಂಕಲು ನಟ್ಟ ಕಲ್ಲು, ಪಡುವಲು ಹುಣಿಸೆಯ ಮರ, ಬಡಗಲು ಹೆದ್ದಾರಿ, ಈ ರೀತಿಯ ಮಾತು. ಇದನ್ನು ಇಂದಿನ ಒಕ್ಕಲಿಗನೂ ತಿಳಿಯಬಲ್ಲ. ಕೊನೆಗೆ ದಾನವನ್ನು ಅಳಿದವರಿಗೆ ಶಾಪ. ಅಲ್ಲಿ ಮತ್ತೆ ಸಂಸ್ಕೃತ ಶ್ಲೋಕ.

ಒಂದೇ ಕಲ್ಲು, ಒಬ್ಬನೇ ಬರೆದವನು, ಎರಡು ಗದ್ಯ. ಏಕೆ? ಕಾರಣ ಸ್ಪಷ್ಟವಾಗಿದೆ. ಹೊಗಳಿಕೆಯಲ್ಲಿ ಒಂದು ಬಿರುದು ಹೆಚ್ಚಾದರೆ ಯಾರಿಗೂ ನಷ್ಟವಿಲ್ಲ. ಎಲ್ಲೆಯ ಮಾತಿನಲ್ಲಿ ಒಂದು ಪದ ಅಸ್ಪಷ್ಟವಾದರೆ ಎರಡು ಊರುಗಳು ದೊಣ್ಣೆ ಹಿಡಿದು ನಿಲ್ಲುತ್ತವೆ. ಜಗಳವಾದ ದಿನ ಊರ ಹಿರಿಯರು ಕಲ್ಲಿನ ಮುಂದೆ ನಿಂತು, ಓದಬಲ್ಲವನಿಂದ ಓದಿಸಿ, ಕಿವಿಯಿಂದ ಕೇಳಿ ತೀರ್ಮಾನಿಸಬೇಕು. ಆದುದರಿಂದ ಅಲ್ಲಿ ಕನ್ನಡ ಕನ್ನಡವಾಗಿಯೇ ಇರಬೇಕಾಯಿತು. ಸುಮಾರು 450ರದೆಂದು ಹೇಳುವ ಹಲ್ಮಿಡಿಯ ಶಾಸನವೂ ದಾನದ ಬರಹವೇ ಎಂಬುದನ್ನು ನೆನೆದರೆ, ನಮಗೆ ದೊರೆತಿರುವ ಕನ್ನಡ ಗದ್ಯದ ವಂಶವೃಕ್ಷದ ಮೂಲಪುರುಷನು ಕವಿಯಲ್ಲ, ದಾನಪತ್ರವನ್ನು ಬರೆದ ಕರಣಿಕನು ಎನ್ನಬೇಕಾಗುತ್ತದೆ.

ಹೊನ್ನಾಳಿಯ ಪಶ್ಚಿಮಕ್ಕೆ ಶಿಕಾರಿಪುರದ ಸೀಮೆ. ಅಲ್ಲಿ ಬಳ್ಳಿಗಾವೆಯಿದೆ, ಉಡುತಡಿಯಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಮಪ್ರಭುವೂ ಅಕ್ಕಮಹಾದೇವಿಯೂ ಈ ನೆಲದಿಂದ ಎದ್ದು ಕಲ್ಯಾಣಕ್ಕೆ ನಡೆದರು. ಬಳ್ಳಿಗಾವೆಯೋ ಶಾಸನಗಳ ಗಣಿ. ಬಿರುದಾವಳಿಯ ಗದ್ಯವನ್ನು ಕಲ್ಲುಕಲ್ಲಿನ ಮೇಲೆ ಕಂಡರಿಸಿದ ಊರು. ಅಂಥ ಊರಿನಲ್ಲಿ ಹುಟ್ಟಿದವನು ‘ವಚನ’ವೆಂಬ, ಎಂದರೆ ಬರಿಯ ಮಾತೆಂಬ, ರೂಪದಲ್ಲಿ ತನ್ನ ಅನುಭವವನ್ನು ಹೇಳಿದನೆಂಬುದನ್ನು ನಾವು ಸಾಕಷ್ಟು ಬೆರಗಿನಿಂದ ನೋಡಿಲ್ಲ. ಬಸವಣ್ಣನವರಾಗಲಿ, ದೋಣಿ ನಡೆಸಿದ ಅಂಬಿಗರ ಚೌಡಯ್ಯನಾಗಲಿ, ಅಕ್ಕಿ ಆಯ್ದ ಲಕ್ಕಮ್ಮನಾಗಲಿ ಗದ್ಯವನ್ನು ಸುಧಾರಿಸುತ್ತೇವೆಂದು ಹೊರಟವರಲ್ಲ. ಶೈಲಿಯ ಮೇಲೆ ಒಂದು ಲಕ್ಷಣಗ್ರಂಥವನ್ನೂ ಅವರು ಬರೆಯಲಿಲ್ಲ. ದೋಣಿ, ಮಗ್ಗ, ಮಡಿಕೆ, ಒಲೆ, ತಕ್ಕಡಿಗಳ ನಡುವಿನ ಮಾತನ್ನು ದೇವರ ಮುಂದಕ್ಕೆ ಒಯ್ದರು, ಅಷ್ಟೆ. ಪಂಡಿತರು ಇನ್ನೂರು ವರ್ಷ ಚರ್ಚಿಸಿ ಮಾಡಲಾರದ ಕೆಲಸ ಒಂದು ತಲೆಮಾರಿನಲ್ಲಿ ಆಗಿಹೋಯಿತು. ವಚನ ಸುಲಭವೆಂದು ಮಾತ್ರ ಯಾರೂ ಭ್ರಮಿಸಬಾರದು. ಅಲ್ಲಮನ ಬೆಡಗಿನ ವಚನದಲ್ಲಿ ಒಂದೊಂದು ಪದವೂ ಗೊತ್ತು, ಒಟ್ಟು ಅರ್ಥಕ್ಕೆ ತಿಣುಕಬೇಕು. ಕಠಿನವಾದ ಅರ್ಥಕ್ಕೆ ಕಠಿನವಾದ ಶಬ್ದವೇ ಬೇಕೆಂಬ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರವಿಲ್ಲ.

ವಚನವು ಪದ್ಯವೋ ಗದ್ಯವೋ ಎಂದು ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುತ್ತಾರೆ. ಆ ಚರ್ಚೆ ಬೇರೊಂದು ವಾರಕ್ಕಿರಲಿ.

ಆ ಪ್ರವಾಹ ಬತ್ತಿದ ಮೇಲೆ ಷಟ್ಪದಿಯ ಆಳ್ವಿಕೆ. ಹಾಡಿ ಕೇಳುವ ಜನಕ್ಕೆ ಹಾಡಬಲ್ಲ ಕಾವ್ಯ ದೊರೆಯಿತು. ಗದ್ಯವು ಟೀಕೆ, ಲೆಕ್ಕ, ಕಡತಗಳ ಮೂಲೆಗೆ ಸರಿಯಿತು. ಅಲ್ಲಿಂದ ಒಂದೇ ನೆಗೆತಕ್ಕೆ ಹತ್ತೊಂಬತ್ತನೆಯ ಶತಮಾನಕ್ಕೆ ಬರಬಹುದು. 1823ರಲ್ಲಿ ಕೆಂಪುನಾರಾಯಣನು ಚಾಣಕ್ಯನ ಕಥೆಯನ್ನು ‘ಮುದ್ರಾಮಂಜೂಷ’ವೆಂಬ ಗದ್ಯವಾಗಿ ಬರೆದನು, ಹಳಗನ್ನಡದ ಒಂದು ಕಾಲು, ಹೊಸಗನ್ನಡದ ಒಂದು ಕಾಲು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. ಸುದ್ದಿಗೆ ಸಮಾಸ ಒಗ್ಗುವುದಿಲ್ಲ. ಮಳೆ ಬಂದಿತು, ಹಡಗು ಬಂದಿತು ಎಂದೇ ಬರೆಯಬೇಕು.

ಆ ಕಾಲದ ಅತಿ ಮನೋಹರವಾದ ವಿರೋಧಾಭಾಸವೆಂದರೆ ಮುದ್ದಣ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದವರು. 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ, ಕ್ಷಯರೋಗಕ್ಕೆ ತುತ್ತಾದರು. ‘ರಾಮಾಶ್ವಮೇಧ’ವನ್ನು ತಮ್ಮ ಹೆಸರು ಹೇಳದೆ, ಹಳೆಯ ಕವಿಯ ಕೃತಿಯೆಂಬಂತೆ, ಮೈಸೂರಿಗೆ ಕಳುಹಿಸಿದರು. ಅದರಲ್ಲಿ ಕವಿಯ ಮಡದಿ ಮನೋರಮೆಯು ಪದ್ಯ ಬೇಡ, ಗದ್ಯದಲ್ಲಿ ಕಥೆ ಹೇಳು ಎಂದು ಹಟ ಹಿಡಿಯುತ್ತಾಳೆ. ಹೊಸ ಯುಗದ ಬೇಡಿಕೆ! ಆದರೆ ಆ ಬೇಡಿಕೆಯೂ ಅದಕ್ಕೆ ಬಂದ ಉತ್ತರವೂ ಹಳಗನ್ನಡದಲ್ಲಿವೆ. ಇದಕ್ಕೆ ಚೀನದಲ್ಲಿ ತಕ್ಕ ಜೋಡಿಯಿದೆ. 1917ರ ಜನವರಿಯಲ್ಲಿ ಹೂ ಷಿ ಎಂಬ ತರುಣನು ಹಳೆಯ ಗ್ರಾಂಥಿಕ ಭಾಷೆಯನ್ನು ಬಿಡಿ, ಆಡುಮಾತಿನ ರೂಢಿಯಿಂದ ಹಿಂಜರಿಯದಿರಿ, ಪ್ರಾಚೀನರನ್ನು ಅನುಕರಿಸಬೇಡಿ ಎಂದು ಎಂಟು ಸಲಹೆಗಳ ಲೇಖನವನ್ನು ಪ್ರಕಟಿಸಿದನು. ಲೇಖನ ಇದ್ದುದು ಗ್ರಾಂಥಿಕ ಭಾಷೆಯಲ್ಲೇ! ಮರುವರ್ಷ ಲೂ ಷುನ್ ‘ಹುಚ್ಚನ ದಿನಚರಿ’ಯನ್ನು ಆಡುಮಾತಿನಲ್ಲಿ ಬರೆದನಾದರೂ ಅದರ ಮುನ್ನುಡಿಯನ್ನು ಹಳೆಯ ಭಾಷೆಯಲ್ಲಿಟ್ಟನು. ಹುಚ್ಚನು ಆಡುಮಾತಿನಲ್ಲಿ ಸತ್ಯ ನುಡಿಯುತ್ತಾನೆ. ಬುದ್ಧಿವಂತನು ಗ್ರಾಂಥಿಕದಲ್ಲಿ ಮುಚ್ಚಿಡುತ್ತಾನೆ. ಲೂ ಷುನ್ ಅದನ್ನು ಬೇಕೆಂದೇ ಮಾಡಿದ್ದಿರಬೇಕು. ಮೂರೇ ವರ್ಷಗಳಲ್ಲಿ, 1920ರಲ್ಲಿ, ಅಲ್ಲಿಯ ಶಿಕ್ಷಣ ಇಲಾಖೆ ಪ್ರಾಥಮಿಕ ಶಾಲೆಯ ಮೊದಲೆರಡು ವರ್ಷಗಳ ಪಾಠವನ್ನು ಆಡುನುಡಿಗೆ ತಿರುಗಿಸಲು ಆಜ್ಞೆ ಮಾಡಿತು.

ನಮ್ಮಲ್ಲಿ ಯಾರೂ ಆಜ್ಞೆ ಮಾಡಲಿಲ್ಲ. 1911ರಲ್ಲಿ ಧಾರವಾಡದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿ ಹೊಸಗನ್ನಡದ ಪರವಾಗಿ ನಿಂತರು. 1915ರಲ್ಲಿ ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ ಬಂದಿತು. ಹೆಸರಿನಲ್ಲೇ ಮನೆಯ ಜಗುಲಿಯ ಮಾತು. 1920ರಲ್ಲಿ ಮಾಸ್ತಿಯವರ ‘ಕೆಲವು ಸಣ್ಣ ಕತೆಗಳು’. ಮಾಸ್ತಿಯವರ ವಾಕ್ಯದಲ್ಲಿ ಗದ್ಯ ಬರೆಯುತ್ತಿದ್ದೇನೆಂಬ ಪ್ರಜ್ಞೆಯೇ ಕಾಣದು. 1950ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ ಬಂದಾಗ ಮಹಾಭಾರತವೇ ಗದ್ಯದಲ್ಲಿ ಮನೆಮನೆಯ ನಡುಮನೆಗೆ ಬಂದು ಕುಳಿತಿತು. ಹಾನ್ ಯೂವಿನಂತೆ ಒಬ್ಬ ನಾಯಕನನ್ನು ಹುಡುಕುವ ಬದಲು, ನಾಲ್ಕಾರು ಮಂದಿ ಹೇಳುವುದಿದ್ದವರು ಹೇಳಿದರು ಎಂದರೆ ನಮ್ಮ ಕಥೆ ಮುಗಿಯುತ್ತದೆ.

ಮುಗಿಯಿತೆ? ಇಲ್ಲವೆಂಬುದೇ ನನ್ನ ಇಂದಿನ ತಕರಾರು. ಸುಧಾರಕರ ಮನೆಯಲ್ಲೂ ಧೂಳು ಕೂರುತ್ತದೆಂದು ಮೇಲೆ ಹೇಳಿದೆನಷ್ಟೆ. ನವೋದಯದ ಮಹನೀಯರು ತಿಳಿಗೊಳಿಸಿಕೊಟ್ಟ ಗದ್ಯದಿಂದ ನಾವು ಎರಡು ಹೊಸ ಜೋಡಿಗದ್ಯಗಳನ್ನು ತಯಾರಿಸಿದ್ದೇವೆ. ಒಂದು, ಪರೀಕ್ಷೆಯ ಗದ್ಯ. ಪಂಪನ ಮೇಲೆ ಪ್ರಶ್ನೆ ಕೇಳಿದರೆ ‘ಕನ್ನಡ ಸಾರಸ್ವತ ಲೋಕದ ಧ್ರುವತಾರೆ’. ಕುವೆಂಪು ಅವರ ಮೇಲೆ ಕೇಳಿದರೆ ಅದೇ ಧ್ರುವತಾರೆ. ಬೇಂದ್ರೆಯವರ ಮೇಲೆ ಕೇಳಿದರೂ ತಾರೆ ಅಲುಗಿಲ್ಲ. ಧ್ರುವನಾದುದರಿಂದ ಅಲುಗದಿರುವುದು ನ್ಯಾಯವೇ ಇರಬಹುದು. ಆ ಹುಡುಗರನ್ನು ನಾನು ದೂರುವುದಿಲ್ಲ. ಹೀಗೆ ಬರೆದರೆ ಅಂಕ ಬರುತ್ತದೆಂದು ಅವರಿಗೆ ಗೈಡುಗಳು ಕಲಿಸಿವೆ, ಅಂಕವನ್ನು ನಾವು ಕೊಟ್ಟಿದ್ದೇವೆ. ಓಯಾಂಗ್ ಷಿಯುವಿನ ಧೈರ್ಯ ನಮಗೆಲ್ಲಿದೆ?

ಎರಡನೆಯದು ಕಚೇರಿಯ ಗದ್ಯ. 1963ರ ರಾಜಭಾಷಾ ಅಧಿನಿಯಮದಿಂದ ಕನ್ನಡವು ಆಡಳಿತದ ಭಾಷೆಯಾಯಿತು. ಅದಕ್ಕಾಗಿ ಶ್ರಮಿಸಿದವರಿಗೆ ನಾವು ಋಣಿಗಳು. ಆದರೆ ಲಿಪಿ ಕನ್ನಡವಾದ ಮಾತ್ರಕ್ಕೆ ವಾಕ್ಯ ಕನ್ನಡವಾಗುವುದಿಲ್ಲ. ಇಂಗ್ಲಿಷಿನ ಕರಡನ್ನು ಎದುರಿಗಿಟ್ಟುಕೊಂಡು ‘ಸದರಿ’, ‘ಮೇರೆಗೆ’, ‘ತತ್ಸಂಬಂಧವಾಗಿ’, ‘ಉಲ್ಲೇಖಿತ’ ಎಂಬ ಕೊಕ್ಕೆಗಳಿಂದ ಉಪವಾಕ್ಯಗಳನ್ನು ಜೋಡಿಸಿದ ಒಂದು ವಾಕ್ಯ, ಪುಟದ ತಲೆಯಿಂದ ಬುಡದವರೆಗೆ ನಡೆದರೂ ಕ್ರಿಯಾಪದ ಸಿಕ್ಕುವುದಿಲ್ಲ. ಶಾಸನದ ಬಿರುದಾವಳಿಯಾದರೂ ಎಲ್ಲೆಯ ಮಾತು ಬಂದಾಗ ಸರಿದು ನಿಂತು ದಾರಿ ಬಿಡುತ್ತಿತ್ತು. ಈ ಗದ್ಯ ಎಲ್ಲೆಯನ್ನೂ ನುಂಗಿಬಿಡುತ್ತದೆ.

ಇದರಿಂದ ಆಗುವುದೇನೆಂಬುದಕ್ಕೆ ಒಂದೇ ನಿದರ್ಶನ ಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಬಂಧುಗಳ ಮನೆಗೆಂದು ಸಾಸ್ವೆಹಳ್ಳಿಗೆ ಹೋಗಿದ್ದಾಗ, ನೆರೆಮನೆಯ ವೃದ್ಧರೊಬ್ಬರು ಒಂದು ನೋಟೀಸನ್ನು ಹಿಡಿದು ಬಂದರು. ಯಾವ ಕಚೇರಿಯದೆಂಬುದು ಇಲ್ಲಿ ಅನಗತ್ಯ. ಅವರು ನಿರಕ್ಷರಿಗಳಲ್ಲ, ನಿತ್ಯ ಪತ್ರಿಕೆ ಓದುವವರು, ಶ್ರಾವಣದಲ್ಲಿ ಪುರಾಣ ಓದಿಸಿ ಕೇಳುವವರು. ನೋಟೀಸನ್ನು ಮೂರು ಸಲ ಓದಿದ್ದರಂತೆ.

“ಮೇಷ್ಟ್ರೇ, ಇದ್ರಾಗೆ ನಮ್ಮ ಹೊಲ ಹೋಗ್ತೈತೆ ಅಂತೈತೋ, ಉಳಿತೈತೆ ಅಂತೈತೋ? ಅಷ್ಟು ಹೇಳಿಬಿಡ್ರಿ ಸಾಕು” ಎಂದರು.

ನಾನು ಓದಿದೆ. ಎರಡೂ ಇರಲಿಲ್ಲ. ಹೊಲದ ಒಂದು ಅಂಚು ಕಾಮಗಾರಿಗೆ ಬೇಕಾಗಬಹುದು, ಆಕ್ಷೇಪಣೆ ಇದ್ದರೆ ಇಂಥ ದಿನದೊಳಗೆ ತಿಳಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಆ ದಿನಾಂಕವು ಮೂರನೆಯ ಉಪವಾಕ್ಯದ ಹೊಟ್ಟೆಯಲ್ಲಿ ಅಡಗಿತ್ತು. ಉಳಿದಿದ್ದುದು ನಾಲ್ಕು ದಿನ.

“ಅಜ್ಜಾರೇ, ಇವತ್ತೇ ಒಂದು ಅರ್ಜಿ ಬರೆಯೋಣ. ನೀವು ಹೇಳಿರಿ, ನಾನು ಬರೆಯುತ್ತೇನೆ” ಎಂದೆ.

ಅವರು ಜಗುಲಿಯ ಕಂಬಕ್ಕೆ ಒರಗಿ, ಕಣ್ಣುಮುಚ್ಚಿಕೊಂಡು ಹೇಳತೊಡಗಿದರು. ಹೊಲ ಇಷ್ಟು ಎಕರೆ. ತಂದೆಯಿಂದ ಬಂದದ್ದು. ಚಕ್ಕುಬಂದಿ: ಮೂಡಲಿಗೆ ಹಳ್ಳ, ತೆಂಕಲಿಗೆ ತಮ್ಮನ ಹೊಲ, ಪಡುವಲಿಗೆ ಬೇವಿನ ಮರದ ಬದು, ಬಡಗಲಿಗೆ ಗಾಡಿದಾರಿ. ನೀವು ಕೇಳುವ ಅಂಚಿನಲ್ಲಿ ಬಾವಿ ಇದೆ. ಬಾವಿ ಹೋದರೆ ಉಳಿದ ಹೊಲ ಇದ್ದೂ ಇಲ್ಲ. ಹಳ್ಳದ ಕಡೆಯಿಂದ ಹೋದರೆ ಯಾರಿಗೂ ತೊಂದರೆ ಇಲ್ಲ. ಬಂದು ನೋಡಿರಿ.

ಅಲ್ಲಿಗೆ ನಿಲ್ಲಿಸಿದರು. ಎಂಟು ಹತ್ತು ವಾಕ್ಯ. ನಾನು ಅದಕ್ಕೆ ಒಂದು ಅಕ್ಷರವನ್ನೂ ಕೂಡಿಸಲಿಲ್ಲ, ಕಳೆಯಲೂ ಇಲ್ಲ. ಮೇಲೆ ವಿಳಾಸ, ಕೆಳಗೆ ಅವರ ರುಜು. ಮರುದಿನ ಅವರ ಮಗನು ಅದನ್ನು ಒಯ್ದು ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದನು.

ಉತ್ತರ ಬರಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕಚೇರಿಯವರು ಬಂದು ಬಾವಿಯನ್ನು ನೋಡಿ, ಅಳತೆ ಮಾಡ���ಕೊಂಡು ಹೋಗಿದ್ದರು. ಅದಕ್ಕಾಗಿ ಅವರನ್ನು ಮೆಚ್ಚಬೇಕು. ಎರಡು ಪುಟದ ಆ ಉತ್ತರವನ್ನು ಓದಿಸಿಕೊಳ್ಳಲು ವೃದ್ಧರು ಮಗನೊಡನೆ ಬಸ್ಸು ಹತ್ತಿ ನಮ್ಮ ಮನೆಯವರೆಗೆ ಬಂದರು. ಹೊಲ ಉಳಿದಿತ್ತು. ಆ ಮಾತು ಎರಡನೆಯ ಪುಟದ ಹದಿನೇಳನೆಯ ಸಾಲಿನಲ್ಲಿತ್ತು.